ಮಗಳು ಹಾಕಿದ ಸಹಿ

ಓದುಗರ ಪತ್ರ: "ಮಗಳು ಕೆನಡಾದಲ್ಲಿದ್ದಾಳೆ. ಅವಳೂ ಅಕ್ಕಪಕ್ಕದ ನಾಲ್ವರೂ ಸೇರಿ, ಉಗಾಂಡದಲ್ಲಿರುವ ಎರಿಟ್ರಿಯಾದ ನಿರಾಶ್ರಿತ ಕುಟುಂಬವೊಂದನ್ನು ಕರೆಸಿಕೊಳ್ಳುತ್ತಿದ್ದಾರೆ. 2023ರಲ್ಲೇ ಅರ್ಜಿ ಹಾಕಿದ್ದರಂತೆ. ಮುಂದಿನ ತಿಂಗಳು ಬರುತ್ತಾರೆ. ಒಂದು ವರ್ಷದ ಖರ್ಚು ತಮ್ಮದೇ ಅಂತ ಸಹಿಯನ್ನೂ ಹಾಕಿದ್ದಾಳೆ. ಇದು ಸರ್ಕಾರದ ಕೆಲಸ ಅಲ್ವಾ? ನಾನು ಹೇಳಿದರೆ ಕೇಳುವುದಿಲ್ಲ, ನೀವಾದರೂ ಬರೆಯಿರಿ."
(ನಿವೃತ್ತ ಮೇಷ್ಟ್ರು, ಮೂಡಿಗೆರೆ)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಸಿಟ್ಟಿಗಿಂತ ಹೆತ್ತವರ ಆತಂಕವೇ ಜಾಸ್ತಿ ಕಂಡಿತು. ಆದರೂ "ಬೇಡ" ಅಂತ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಐದು ಜನ ಸೇರಿ ಹಾಕುವ ಈ ಸಹಿ ಅಲ್ಲಿ ಹೊಸದೇನಲ್ಲ. 1978ರಿಂದ ಕಾನೂನಿನಲ್ಲೇ ಇದೆ. ಮರುವರ್ಷವೇ ಅದಕ್ಕೆ ದೊಡ್ಡ ಪರೀಕ್ಷೆ ಬಂತು. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ ಬಿಟ್ಟು ಓಡಿದವರಲ್ಲಿ 60,000 ಮಂದಿಯನ್ನು ಎರಡು ವರ್ಷದಲ್ಲಿ ಕೆನಡಾ ಕರೆಸಿಕೊಂಡಿತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯ ಹೊಣೆ ಹೊತ್ತವರು ಚರ್ಚಿನವರು, ಸಂಘದವರು, ನೆರೆಹೊರೆಯವರು. 1986ರಲ್ಲಿ ವಿಶ್ವಸಂಸ್ಥೆ ನಿರಾಶ್ರಿತರ ಸೇವೆಗೆ ಕೊಡುವ ನಾನ್ಸೆನ್ ಪದಕವನ್ನು ಇಡೀ ಕೆನಡಾದ ಜನರಿಗೇ ಕೊಟ್ಟರು.

ಇನ್ನು ದುಡ್ಡಿನ ಮಾತು. ಬಾಡಿಗೆ, ದಿನಸಿ, ಚಳಿಗೆ ಬಟ್ಟೆ, ಇವು 12 ತಿಂಗಳು ಐವರ ಪಾಲಿಗೆ. ಅದಕ್ಕೂ ಮೊದಲೇ ಆ ಕುಟುಂಬದವರು ಸ್ವಂತ ದುಡಿಮೆಯಲ್ಲಿ ನಿಂತುಕೊಂಡರೆ ಅಲ್ಲಿಗೇ ಮುಗಿಯಿತು. ದುಡ್ಡು ಎಲ್ಲಿಂದ ತರುತ್ತೀರಿ ಅಂತ ಅರ್ಜಿಯಲ್ಲೇ ಲೆಕ್ಕ ಕೇಳುತ್ತಾರೆ. ಮಕ್ಕಳ ಶಾಲೆ, ಆಸ್ಪತ್ರೆ ಸರ್ಕಾರದ್ದು. ಬಂದಿಳಿದ ದಿನವೇ ಅವರು ಅಲ್ಲಿಯ ಕಾಯಂ ನಿವಾಸಿಗಳು. ಆದರೆ ಸಹಿ ಹಾಕಿದ ಐವರಲ್ಲಿ ಒಬ್ಬರು ಹಿಂದೆ ಸರಿದರೆ ಭಾರ ಉಳಿದವರ ಮೇಲೆ ಬೀಳುತ್ತದೆ. ಅದಕ್ಕೇನು ಮಾಡಿಕೊಂಡಿದ್ದೀರಿ ಅಂತ ಮಗಳನ್ನು ಕೇಳಿ. ಅಪ್ಪ ಕೇಳಲೇಬೇಕಾದ ಪ್ರಶ್ನೆ ಅದು.

ಸರ್ಕಾರ ತನ್ನ ಪಾಲನ್ನು ಬೇರೆಯಾಗಿ ಕರೆಸಿಕೊಳ್ಳುತ್ತದೆ. ಜನ ಕರೆಸಿಕೊಳ್ಳುವವರು ಆ ಲೆಕ್ಕದ ಮೇಲೆ ಹೆಚ್ಚುವರಿ. ಜಗತ್ತಿನ ನಿರಾಶ್ರಿತರಲ್ಲಿ ಹೀಗೆ ಬೇರೆ ದೇಶದಲ್ಲಿ ನೆಲೆ ಸಿಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಇಲ್ಲ. ಐವರ ಗುಂಪುಗಳ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು 2024ರ ನವೆಂಬರಿನಲ್ಲಿ ನಿಲ್ಲಿಸಿದರು. ಹಳೆಯವೇ ಅಷ್ಟು ಬಾಕಿ ಬಿದ್ದಿದ್ದವು. ಮಗಳು ಎರಡು ವರ್ಷ ತಡ ಮಾಡಿದ್ದರೆ ಈ ಕುಟುಂಬ ಉಗಾಂಡದಲ್ಲೇ ಇರುತ್ತಿತ್ತು.

ನಮ್ಮ ಬೈಲಕುಪ್ಪೆ ನೋಡಿ. 1960ರಲ್ಲಿ ಮೈಸೂರು ರಾಜ್ಯ ಟಿಬೆಟಿನವರಿಗೆ ಸುಮಾರು 3,000 ಎಕರೆ ಕೊಟ್ಟಿತು. ಬರೀ ಕಾಡು, ಜೊತೆಗೆ ಆನೆ ಕಾಟ. ಅಲ್ಲಿ ಒಬ್ಬ ಅಜ್ಜಿಯ ಹತ್ತಿರ ಮಾತಾಡುತ್ತಾ ಕೂತಿದ್ದೆ. "ಮುಸುಕಿನ ಜೋಳ ಎಷ್ಟು ಆಳಕ್ಕೆ ಹಾಕಬೇಕು ಅಂತಲೇ ನಮಗೆ ಗೊತ್ತಿರಲಿಲ್ಲ. ಪಕ್ಕದೂರಿನವರೊಬ್ಬರು ಬಂದು ತೋರಿಸಿದರು" ಅಂದರು. ಅಷ್ಟು ಹೇಳಿ ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಹಿಡಿದು ತೋರಿಸಿದರು: "ಇಷ್ಟು." ಎಕರೆಗಟ್ಟಲೆ ನೆಲ ಕೊಟ್ಟ ಸರ್ಕಾರದ ಬಗ್ಗೆಯೂ ಕೃತಜ್ಞತೆಯಿಂದ ಮಾತಾಡಿದರು. ಆದರೆ ಕಣ್ಣು ತುಂಬಿಬಂದಿದ್ದು ಆ ಬೆರಳು ಹಿಡಿದಾಗ. ನಿಮ್ಮ ಮಗಳು ಮಾಡಹೊರಟಿರುವುದು ಇಂಥ ಕೆಲಸ. ಬಸ್ಸು ಎಲ್ಲಿ ಹತ್ತಬೇಕು, ಹೀಟರ್ ಹೇಗೆ ಹಾಕಬೇಕು, ಶಾಲೆಯಿಂದ ಬಂದ ಕಾಗದದಲ್ಲಿ ಏನಿದೆ. ಇವನ್ನು ಯಾವ ಕಚೇರಿಯೂ ಸಂಜೆ ಏಳಕ್ಕೆ ಮನೆಗೆ ಬಂದು ಹೇಳಿಕೊಡುವುದಿಲ್ಲ.

ಅವಳಿಗೊಂದು ಮಾತು ಹೇಳಿ. ಸಾಲ ಕೊಟ್ಟವರ ಹಾಗೆ ನಡೆದುಕೊಳ್ಳುವುದು ಬೇಡ. ಯಾವ ಕೆಲಸಕ್ಕೆ ಹೋಗಬೇಕು, ಯಾವ ದೇವರಿಗೆ ಕೈ ಮುಗಿಯಬೇಕು, ಎಲ್ಲ ಅವರಿಷ್ಟ. ನಾಳೆ ಬೇರೆ ಊರಿಗೆ ಹೋಗುತ್ತೇವೆ ಅಂದರೂ ಅದು ಅವರ ಹಕ್ಕು.

ನಿಮ್ಮ ಮನೆ ಹಿಂದೆ ನಾಲ್ಕು ಕಾಫಿ ಗಿಡ ಇರಲೇಬೇಕು. ಎರಿಟ್ರಿಯಾದವರಿಗೂ ಕಾಫಿ ಅಂದರೆ ಪ್ರಾಣ. ಮನೆಗೆ ಯಾರಾದರೂ ಬಂದರೆ ಅವರ ಎದುರೇ ಬೀಜ ಹುರಿದು, ಪುಡಿ ಮಾಡಿ, ಕುದಿಸಿ, ಒಂದರ ಹಿಂದೆ ಒಂದು ಮೂರು ಸುತ್ತು ಕೊಡುತ್ತಾರೆ. ಹುರಿಯದ ಬೀಜ ಒಂದು ಕಿಲೋ ತಂದು ಆ ಮನೆಯ ಅಡುಗೆ ಕಟ್ಟೆ ಮೇಲೆ ಇಟ್ಟಿರಲು ಮಗಳಿಗೆ ಹೇಳಿ. ಮೊದಲ ವಾರದಲ್ಲೇ ಅವಳನ್ನು ಕೂರಿಸಿ ಅವರೇ ಕಾಫಿ ಕೊಡಲಿ.