ನಂದಿ ಬೆಟ್ಟದಿಂದ ಭೂಮಿ ಚಪ್ಪಟೆ ಕಾಣುತ್ತದಲ್ಲ?

ಪ್ರಶ್ನೆ: ನನ್ನ ತಮ್ಮ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಭೂಮಿ ಚಪ್ಪಟೆ ಎನ್ನುತ್ತಾನೆ. ನಂದಿ ಬೆಟ್ಟದ ಮೇಲೆ ನಿಂತರೂ ನೆಲ ಸಮನಾಗೇ ಕಾಣುತ್ತದೆ. ಅವನಿಗೆ ಏನು ಹೇಳಲಿ? – ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ತಮ್ಮನನ್ನು ಬೈಯಬೇಡಿ, ಕಣ್ಣಿಗೆ ಕಂಡದ್ದನ್ನೇ ಅವನು ಹೇಳುತ್ತಿದ್ದಾನೆ. ನಂದಿ ಬೆಟ್ಟದ ಎತ್ತರ 1,478 ಮೀಟರ್. ಭೂಮಿಯ ಅಡ್ಡಗಲ ಸುಮಾರು 12,742 ಕಿಲೋಮೀಟರ್. ಇಷ್ಟು ದೊಡ್ಡ ಉಂಡೆಯ ಮೇಲೆ ಒಂದೂವರೆ ಕಿಲೋಮೀಟರ್ ಹತ್ತಿದರೆ ಬಾಗು ಎಲ್ಲಿ ಕಾಣಬೇಕು?

ರಾತ್ರಿ ಮಹಡಿಗೆ ಕರೆದುಕೊಂಡು ಹೋಗಿ. ಉತ್ತರಕ್ಕೆ ಧ್ರುವ ನಕ್ಷತ್ರ ಹುಡುಕಿ, ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದು ಅಳೆಯಿರಿ. ನಮ್ಮಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ, ಅಂದರೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ. ದೆಹಲಿಯಲ್ಲಿ ಹೆಚ್ಚುಕಡಿಮೆ ಮೂರು ಮುಷ್ಟಿ. ಭೂಮಧ್ಯರೇಖೆ ದಾಟಿ ಆಸ್ಟ್ರೇಲಿಯಾಕ್ಕೆ ಹೋದರೆ ನಕ್ಷತ್ರವೇ ಕಾಣಿಸುವುದಿಲ್ಲ, ನಡುವೆ ಭೂಮಿಯ ಉಬ್ಬು ಅಡ್ಡ ಬಂದಿರುತ್ತದೆ. ಚಪ್ಪಟೆ ನೆಲವಾಗಿದ್ದರೆ ಎಲ್ಲರಿಗೂ ಕಾಣಬೇಕಿತ್ತು ಅಲ್ವಾ?

ಇನ್ನೊಂದು, ಚಂದ್ರಗ್ರಹಣದಲ್ಲಿ ಬೀಳುವ ಭೂಮಿಯ ನೆರಳಿನ ಅಂಚು ಯಾವಾಗಲೂ ದುಂಡು. ದೀಪದ ಮುಂದೆ ಒಂದು ರಾಗಿ ಮುದ್ದೆ, ಒಂದು ತಟ್ಟೆ ಹಿಡಿದು ತಿರುಗಿಸಲು ಹೇಳಿ. ತಟ್ಟೆಯ ನೆರಳು ಒಮ್ಮೆ ದುಂಡಗೆ, ಒಮ್ಮೆ ಬರೀ ಗೆರೆ. ಮುದ್ದೆಯ ನೆರಳು ಹೇಗೆ ತಿರುಗಿಸಿದರೂ ದುಂಡಗೇ ಇರುತ್ತದೆ.