ಒಂದು ವರ್ಷಕ್ಕೆ ಬಂದವನನ್ನು ತೂಗುವುದು ಹೇಗೆ?

ಓದುಗರ ಪತ್ರ: "ನಾನು ಮತ್ತು ನನ್ನ ಗೆಳೆಯರು ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಅಭಿಮಾನಿಗಳು. ಬೆಳಗಿನ ಜಾವ ಎದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯ ನೋಡುತ್ತೇವೆ. ಹೊಸ ಕರಾರುಗಳ ಕಾಲವಾದ ಜುಲೈನಲ್ಲಿ ಪ್ರತಿ ವರ್ಷ ನಮ್ಮೊಳಗೆ ಒಂದೇ ಜಗಳ. ವಯಸ್ಸಾದ ತಾರೆಯನ್ನು ಒಂದು ವರ್ಷದ ಕರಾರಿನ ಮೇಲೆ ಕರೆತರುವುದು ಸರಿಯೇ? ವರ್ಷ ಮುಗಿದೊಡನೆ ಗಂಟುಮೂಟೆ ಕಟ್ಟುವವನಿಗೆ ತಂಡದ ಮೇಲೆ ಎಂಥ ಪ್ರೀತಿ? 2019ರಲ್ಲಿ ಡ್ವೈಟ್ ಹೊವಾರ್ಡ್ ಬಂದ, ಗೆದ್ದೆವು. 2021ರಲ್ಲಿ ಅದೇ ಹೊವಾರ್ಡ್ ಬಂದ, ನೆಲಕಚ್ಚಿದೆವು. ಹಾಗಾದರೆ ಇದು ಬರೀ ಅದೃಷ್ಟವೇ? ಆ ವರ್ಷ ಕೈಹಿಡಿದ ಯುವಕ ಮಲಿಕ್ ಮಂಕ್‌ನನ್ನಾದರೂ ಏಕೆ ಉಳಿಸಿಕೊಳ್ಳಲಿಲ್ಲ?" — ಓದುಗರೊಬ್ಬರು, ದಾವಣಗೆರೆ

ಆತ್ಮೀಯರೇ,

ನಿಮ್ಮ ಪತ್ರದಲ್ಲಿರುವ ಸಿಟ್ಟು ನನಗೆ ಇಷ್ಟವಾಯಿತು. ತಂಡವನ್ನು ತನ್ನದೆಂದು ಭಾವಿಸುವವರಿಗೆ ಮಾತ್ರ ಅಂಥ ಸಿಟ್ಟು ಬರುತ್ತದೆ. ಆದರೆ ನಿಮ್ಮ ಮೊದಲ ಪ್ರಶ್ನೆಯನ್ನು ಒಪ್ಪಿಕೊಳ್ಳಲಾರೆ. ಆಟಗಾರನಿಗೆ ತಂಡದ ಮೇಲೆ ಪ್ರೀತಿ ಇದೆಯೇ ಎಂದು ಕೇಳುತ್ತೀರಿ. ಒಂದು ವರ್ಷದ ಕರಾರಿಗೆ ಸಹಿ ಹಾಕುವ ಆಟಗಾರ ತನ್ನ ನಾಳೆಯನ್ನು ಪಣಕ್ಕೊಡ್ಡಿರುತ್ತಾನೆ. ಮಂಡಿ ಮುರಿದರೆ ಮುಂದಿನ ವರ್ಷ ಅವನಿಗೆ ಸಂಬಳವಿಲ್ಲ. ತಂಡಕ್ಕೆ ಹೋಗುವುದು ಆ ವರ್ಷದ ಸ್ವಲ್ಪ ಹಣ ಮತ್ತು ಹದಿನೈದು ಜಾಗಗಳಲ್ಲಿ ಒಂದು ಜಾಗ. ಹೆಚ್ಚಿನ ಅಪಾಯ ಹೊತ್ತವನನ್ನೇ ನಿಷ್ಠೆ ಇಲ್ಲದವನು ಎನ್ನುವುದು ನ್ಯಾಯವಲ್ಲ.

ಇದಕ್ಕೆ ಡಿಮಾರ್ಕಸ್ ಕಸಿನ್ಸ್‌ನ ಕಥೆಗಿಂತ ದೊಡ್ಡ ಸಾಕ್ಷಿ ಬೇಡ. 2017-18ರಲ್ಲಿ ನ್ಯೂ ಆರ್ಲಿಯನ್ಸ್ ಪೆಲಿಕನ್ಸ್ ಪರವಾಗಿ ಆಡುತ್ತ ಆತ ಪಂದ್ಯಕ್ಕೆ ಸರಾಸರಿ 25.2 ಅಂಕ, 12.9 ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಗಳಿಸುತ್ತಿದ್ದ. ಆ ವರ್ಷದ ಸಂಬಳ ಸುಮಾರು 1 ಕೋಟಿ 80 ಲಕ್ಷ ಡಾಲರ್. 2018ರ ಜನವರಿ 26ರಂದು ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಜುಲೈನಲ್ಲಿ ಆತ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಜೊತೆ ಒಂದು ವರ್ಷಕ್ಕೆ ಸುಮಾರು 53 ಲಕ್ಷ ಡಾಲರಿಗೆ ಸಹಿ ಹಾಕಿದ. ಐವರು ಆಲ್‌ಸ್ಟಾರ್‌ಗಳು (ಲೀಗ್‌ನ ವಾರ್ಷಿಕ ತಾರಾ ಪಂದ್ಯಕ್ಕೆ ಆಯ್ಕೆಯಾದವರು) ಒಟ್ಟಿಗೆ ಅಂಗಳಕ್ಕಿಳಿಯುತ್ತಾರೆ, ಇನ್ನು ಲೀಗ್ ನಡೆಸುವುದೇ ವ್ಯರ್ಥ ಎಂದು ಎದುರಾಳಿ ತಂಡಗಳ ಅಭಿಮಾನಿಗಳು ಗೋಳಾಡಿದರು. ವಾರಿಯರ್ಸ್ ಅಭಿಮಾನಿಗಳು ಕಿರೀಟ ಬಂದೇಬಿಟ್ಟಿತು ಎಂದು ಸಂಭ್ರಮಿಸಿದರು. ಇಬ್ಬರೂ ತೂಗಿದ್ದು ಹೆಸರನ್ನು. ಹರಿದ ರಜ್ಜು ಮತ್ತೆ ಹಿಡಿತಕ್ಕೆ ಬರಲು ಹತ್ತಿರಹತ್ತಿರ ಒಂದು ವರ್ಷ ಬೇಕು ಎಂಬುದನ್ನು ತಕ್ಕಡಿಗೆ ಹಾಕಿದವರು ಕಡಿಮೆ.

ಆತ ಅಂಗಳಕ್ಕಿಳಿದದ್ದು 2019ರ ಜನವರಿ 18ರಂದು, ಕ್ಲಿಪ್ಪರ್ಸ್ ವಿರುದ್ಧ. ಮೊದಲ ಬುಟ್ಟಿಯೇ ಎರಡು ಕೈಗಳ ಡಂಕ್ (ಜಿಗಿದು ಚೆಂಡನ್ನು ಬುಟ್ಟಿಗೆ ಅಪ್ಪಳಿಸುವುದು), ವಾರಿಯರ್ಸ್ ಬೆಂಚು ಎದ್ದು ನಿಂತಿತು. ಹದಿನೈದು ನಿಮಿಷಗಳಲ್ಲಿ 14 ಅಂಕ ಗಳಿಸಿದ, ಅಷ್ಟೇ ಅವಧಿಯಲ್ಲಿ ಆರು ಫೌಲ್ ಮಾಡಿ ನಿಯಮದಂತೆ ಹೊರನಡೆದ. ಕೈಚಳಕ ಎಲ್ಲಿಯೂ ಹೋಗಿರಲಿಲ್ಲ, ಆದರೆ ಪಕ್ಕಕ್ಕೆ ಸರಿಯುವ ಕಾಲು ಒಂದು ಹೆಜ್ಜೆ ಹಿಂದುಳಿಯುತ್ತಿತ್ತು. ಆ ಆರು ಫೌಲ್‌ಗಳಿಗೆ ಕಾರಣ ಅದೇ ಎಂದು ನನ್ನ ಅನಿಸಿಕೆ. ಏಪ್ರಿಲ್‌ನಲ್ಲಿ ಪ್ಲೇಆಫ್‌ನ (ಋತುವಿನ ಕೊನೆಯ ನಾಕೌಟ್ ಹಂತ) ಎರಡನೇ ಪಂದ್ಯದಲ್ಲಿ, ಕೈತಪ್ಪಿದ ಚೆಂಡಿನ ಹಿಂದೆ ಓಡಿ ಬಿದ್ದು ಎಡತೊಡೆಯ ಸ್ನಾಯು ಹರಿದುಕೊಂಡ. ಅಲ್ಲಿಗೆ ಎಲ್ಲ ಮುಗಿಯಿತು, ಹಣ ನೀರುಪಾಲಾಯಿತು ಎಂದರು. ಆದರೆ ಜೂನ್ 2ರಂದು ಟೊರಾಂಟೊದಲ್ಲಿ ನಡೆದ ಫೈನಲ್ಸ್‌ನ ಎರಡನೇ ಪಂದ್ಯವನ್ನು ಮತ್ತೊಮ್ಮೆ ನೋಡಿ. ವಾರಿಯರ್ಸ್ ತಾರೆ ಕೆವಿನ್ ಡ್ಯುರಾಂಟ್ ಗಾಯಗೊಂಡು ಹೊರಗಿದ್ದ. ಕ್ಲೇ ಥಾಂಪ್ಸನ್ ಪಂದ್ಯದ ನಡುವೆ ಕುಂಟುತ್ತ ಹೋದ. ಕೆವೊನ್ ಲೂನಿಗೂ ಪೆಟ್ಟಾಯಿತು. ಕಸಿನ್ಸ್ 11 ಅಂಕ, 10 ರೀಬೌಂಡ್, 6 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಡುವ ಪಾಸ್) ಕೊಟ್ಟು ನಿಂತ. ವಾರಿಯರ್ಸ್ 109-104ರಿಂದ ಗೆದ್ದಿತು. ಸರಣಿಯನ್ನು 4-2ರಿಂದ ಸೋತರೂ, ಗೆದ್ದ ಎರಡೂ ಪಂದ್ಯಗಳಲ್ಲಿ ಆತನ ಬೆವರಿದೆ. ವಾರಿಯರ್ಸ್‌ನ ಆ ನಿರ್ಧಾರ ತಪ್ಪಾಗಿತ್ತು ಎಂದು ನಾನು ಇಂದಿಗೂ ಹೇಳುವುದಿಲ್ಲ.

ಆದರೆ ಕಸಿನ್ಸ್‌ಗೆ? ಮುಂದಿನ ಬೇಸಿಗೆಯಲ್ಲಿ ಸಿಕ್ಕಿದ್ದು ಸುಮಾರು 35 ಲಕ್ಷ ಡಾಲರಿನ ಮತ್ತೊಂದು ಒಂದು ವರ್ಷದ ಕರಾರು, ನಿಮ್ಮ ಲೇಕರ್ಸ್‌ನಿಂದಲೇ. ಆಗಸ್ಟ್‌ನಲ್ಲಿ ಅಭ್ಯಾಸದ ವೇಳೆ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಲೇಕರ್ಸ್ ಅಂಗಿ ತೊಟ್ಟು ಒಂದು ಪಂದ್ಯವನ್ನೂ ಆತ ಆಡಲಿಲ್ಲ. ತೆರವಾದ ಆ ಜಾಗಕ್ಕೆ ಬಂದವನೇ ಹೊವಾರ್ಡ್.

ಹೊವಾರ್ಡ್ ಹೆಸರು ಕೇಳಿದಾಗ ಲಾಸ್ ಏಂಜಲೀಸ್ ಮೂಗು ಮುರಿಯಿತು, ಅದಕ್ಕೆ ಕಾರಣವೂ ಇತ್ತು. 2012-13ರಲ್ಲಿ ಆತ ಅಲ್ಲಿ ಆಡಿದ್ದ. ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಆಗಷ್ಟೇ ಎದ್ದುಬಂದಿದ್ದ, ತಂಡದ ತಾರೆ ಕೋಬಿ ಬ್ರಯಂಟ್ ಜೊತೆ ಹೊಂದಲಿಲ್ಲ. ಆತನನ್ನು ಉಳಿಸಿಕೊಳ್ಳಲು ಲೇಕರ್ಸ್ ಆಡಳಿತ ನಗರದಲ್ಲಿ ಆತನ ಚಿತ್ರವಿರುವ ದೊಡ್ಡ ಫಲಕಗಳನ್ನು ನಿಲ್ಲಿಸಿ, ಇಲ್ಲೇ ಇರು ಎಂದು ಬೇಡಿಕೊಂಡಿತು. ಬೇರಾರಿಗೂ ಕೊಡಲಾಗದಷ್ಟು ದೊಡ್ಡ ಕರಾರನ್ನು ಮುಂದಿಟ್ಟಿತು. ಆತ ಕಡಿಮೆ ಹಣಕ್ಕೆ ಹ್ಯೂಸ್ಟನ್‌ಗೆ ಹೋದ. ಫಲಕಗಳ ಅವಮಾನವನ್ನು ಅಭಿಮಾನಿಗಳು ಮರೆತಿರಲಿಲ್ಲ. ಆಮೇಲೆ ಆತ ಅಟ್ಲಾಂಟಾ, ಶಾರ್ಲೆಟ್, ವಾಷಿಂಗ್ಟನ್ ಸುತ್ತಿದ. 2018-19ರಲ್ಲಿ ಆಡಿದ್ದು ಒಂಬತ್ತೇ ಪಂದ್ಯ. ಮೂರು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾಗಿದ್ದವನು ಯಾರಿಗೂ ಬೇಡವಾಗಿದ್ದ.

ಲೇಕರ್ಸ್ ಆತನಿಗೆ ಕೊಟ್ಟ ಕರಾರು ಕನಿಷ್ಠ ವೇತನದ್ದು, ಅದೂ ಖಾತ್ರಿಯಿಲ್ಲದ್ದು. ಹೊಂದಲಿಲ್ಲವೆಂದರೆ ಋತುವಿನ ನಡುವೆಯೇ ಮನೆಗೆ ಕಳುಹಿಸಬಹುದಿತ್ತು. ಇಲ್ಲಿ ಬಹಳಷ್ಟು ಅಭಿಮಾನಿಗಳು ಗಮನಿಸದ ಒಂದು ಲೆಕ್ಕವಿದೆ. ಹತ್ತು ವರ್ಷಕ್ಕಿಂತ ಹೆಚ್ಚು ಆಡಿದವನ ಕನಿಷ್ಠ ವೇತನ ಆ ವರ್ಷ ಸುಮಾರು 25.6 ಲಕ್ಷ ಡಾಲರ್. ಕರಾರು ಒಂದೇ ವರ್ಷದ್ದಾದರೆ ತಂಡದ ಲೆಕ್ಕಕ್ಕೆ ಬೀಳುವುದು ಸುಮಾರು 16.2 ಲಕ್ಷ ಮಾತ್ರ, ಉಳಿದದ್ದನ್ನು ಲೀಗ್ ಭರಿಸುತ್ತದೆ. ತಂಡಗಳು ಹಿರಿಯರ ಬದಲು ಅಗ್ಗದ ಹುಡುಗರನ್ನೇ ತೆಗೆದುಕೊಳ್ಳಬಾರದೆಂದು ಮಾಡಿದ ವ್ಯವಸ್ಥೆ ಇದು. ಎರಡು ವರ್ಷದ ಕರಾರು ಕೊಟ್ಟರೆ ಈ ರಿಯಾಯಿತಿ ಇಲ್ಲ. ಹಿರಿಯರಿಗೆಲ್ಲ ಒಂದೊಂದೇ ವರ್ಷದ ಕರಾರು ಸಿಗುವುದಕ್ಕೆ ಇದು ದೊಡ್ಡ ಕಾರಣ. ಪ್ರೀತಿಯ ಕೊರತೆಯನ್ನು ಅದರಲ್ಲಿ ಹುಡುಕಬೇಡಿ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ, ಇದೇ ನಿಮ್ಮ ಪತ್ರದ ತಿರುಳು. 2019ರ ಹೊವಾರ್ಡ್‌ಗೆ ಒಂದು ನಿರ್ದಿಷ್ಟ ಕೆಲಸವಿತ್ತು. ತಂಡದ ತಾರೆ ಆಂಥೊನಿ ಡೇವಿಸ್‌ಗೆ ಸದಾ ಬುಟ್ಟಿಯ ಬಳಿಯ ಸೆಂಟರ್ ಜಾಗದಲ್ಲಿ ನಿಂತು ದೈತ್ಯರ ತಳ್ಳಾಟ ಸಹಿಸುವುದು ಇಷ್ಟವಿರಲಿಲ್ಲ. ಆ ಭಾರ ಹೊರಲು ಜಾವೇಲ್ ಮೆಗೀ ಒಬ್ಬನೇ ಸಾಲುತ್ತಿರಲಿಲ್ಲ. ಹೊವಾರ್ಡ್ ಪಂದ್ಯಕ್ಕೆ ಹತ್ತೊಂಬತ್ತು ನಿಮಿಷ ಆಡಿ 7.5 ಅಂಕ, 7.3 ರೀಬೌಂಡ್ ಕೊಟ್ಟ. ಒಂದು ಕಾಲದಲ್ಲಿ ಚೆಂಡು ನನಗೇ ಕೊಡಿ ಎನ್ನುತ್ತಿದ್ದವನು ಸ್ಕ್ರೀನ್ ಹಾಕಿ (ಎದುರಾಳಿಯ ದಾರಿಗೆ ಅಡ್ಡ ನಿಂತು), ಬುಟ್ಟಿಯತ್ತ ಓಡಿ, ಸಿಕ್ಕಿದ್ದನ್ನು ಡಂಕ್ ಮಾಡುವುದರಲ್ಲೇ ತೃಪ್ತನಾದ. 2020ರ ಪಶ್ಚಿಮ ವಲಯದ ಫೈನಲ್‌ನಲ್ಲಿ ಡೆನ್ವರ್‌ನ ನಿಕೋಲಾ ಯೋಕಿಚ್‌ಗೆ ಅಂಟಿಕೊಂಡು ನಿಂತ ಆತನ ಮೈಕಟ್ಟು ನೆನಪಿಸಿಕೊಳ್ಳಿ. ನಾಲ್ಕನೇ ಪಂದ್ಯದಲ್ಲಿ ಮೊದಲ ಐವರಲ್ಲಿ ಇಳಿದು 12 ಅಂಕ, 11 ರೀಬೌಂಡ್ ಗಳಿಸಿದ. ಮಯಾಮಿ ವಿರುದ್ಧದ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಕೋಚ್ ಫ್ರಾಂಕ್ ವೋಗಲ್ ಆತನನ್ನು ಕೂರಿಸಿ ಅಲೆಕ್ಸ್ ಕರೂಸೊನನ್ನು ಇಳಿಸಿದರು. ಲೇಕರ್ಸ್ ಚಾಂಪಿಯನ್ ಆಯಿತು. ಆ ಪಂದ್ಯದಲ್ಲಿ ಬೆಂಚಿನ ಮೇಲೆ ಕೂರುವುದೂ ಆತನ ಕೆಲಸದ ಭಾಗವೇ ಆಗಿತ್ತು.

2021ರಲ್ಲಿ ಏನಾಯಿತು? ರಸೆಲ್ ವೆಸ್ಟ್‌ಬ್ರೂಕ್ ಬಂದ. ಆತ, ತಂಡದ ದೊಡ್ಡ ತಾರೆ ಲೆಬ್ರಾನ್ ಜೇಮ್ಸ್ ಮತ್ತು ಡೇವಿಸ್ ಮೂವರ ಸಂಬಳವೇ 12 ಕೋಟಿ ಡಾಲರ್ ದಾಟಿತು. ಒಂದು ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ್ದ ಆ ವರ್ಷದ ವೇತನ ಮಿತಿಯೇ ಸುಮಾರು 11.2 ಕೋಟಿ. ಉಳಿದ ಜಾಗಗಳನ್ನೆಲ್ಲ ಹೆಚ್ಚುಕಡಿಮೆ ಕನಿಷ್ಠ ವೇತನದವರಿಂದಲೇ ತುಂಬಿಸಬೇಕಾಯಿತು: 37ರ ಕಾರ್ಮೆಲೊ ಆಂಥೊನಿ, 36ರ ಟ್ರೆವರ್ ಅರೀಜಾ, 35ರ ಹೊವಾರ್ಡ್ ಮತ್ತು ರೊಂಡೊ. ಅವರಲ್ಲಿ ಯಾರೊಬ್ಬರನ್ನೂ ಬಿಡಿಬಿಡಿಯಾಗಿ ದೂರುವಂತಿಲ್ಲ. ಆದರೆ ಊಟಕ್ಕೆ ಉಪ್ಪಿನಕಾಯಿ ಬೇಕು ನಿಜ, ಎಲೆಯ ತುಂಬ ಉಪ್ಪಿನಕಾಯಿಯನ್ನೇ ಬಡಿಸಿದರೆ ಉಣ್ಣುವುದೇನನ್ನು? ಕರೂಸೊನನ್ನು ಉಳಿಸಿಕೊಳ್ಳುವ ಹಕ್ಕು ಲೇಕರ್ಸ್ ಕೈಯಲ್ಲಿತ್ತು. ಐಷಾರಾಮಿ ತೆರಿಗೆಯ (ಸಂಬಳಕ್ಕೆ ಅತಿ ಹೆಚ್ಚು ಸುರಿಯುವ ತಂಡಕ್ಕೆ ಲೀಗ್ ಹಾಕುವ ದಂಡ) ಹೊರೆ ನೋಡಿ ಹಿಂಜರಿದರು. ಆತ ನಾಲ್ಕು ವರ್ಷ, ಸುಮಾರು 3.7 ಕೋಟಿ ಡಾಲರಿಗೆ ಶಿಕಾಗೊ ಸೇರಿದ. ತಂಡ 33 ಗೆದ್ದು 49 ಸೋತಿತು. ನಿಮ್ಮ ದುಃಖ ಇಲ್ಲಿ ನೂರಕ್ಕೆ ನೂರು ನ್ಯಾಯ. ಅದು ಅದೃಷ್ಟದ ಆಟವಾಗಿರಲಿಲ್ಲ. ಒಂದು ಕೊರತೆ ತುಂಬಲು ಇರುವ ಉಪಾಯದಿಂದ ಇಡೀ ತಂಡ ಕಟ್ಟಲು ಹೊರಟ ಆಡಳಿತದ ತಪ್ಪು.

ಆದ್ದರಿಂದ ಮುಂದಿನ ಜುಲೈನಲ್ಲಿ ನಿಮ್ಮ ಗೆಳೆಯರು ಆತ ಎಷ್ಟು ಬಾರಿ ಆಲ್‌ಸ್ಟಾರ್ ಆಗಿದ್ದ ಎಂದು ಲೆಕ್ಕ ಹೇಳಿದರೆ, ಯಾರ ಹದಿನೈದು ನಿಮಿಷವನ್ನು ಆತ ಆಡುತ್ತಾನೆ ಎಂದು ಕೇಳಿ. ಆ ನಿಮಿಷಗಳಲ್ಲಿ ಬೆಳೆಯಬೇಕಿದ್ದ ಹುಡುಗನಿದ್ದರೆ ಅವರು ನಿಮಗೆ ಉತ್ತರ ಕೊಡಲೇಬೇಕು.

ಮಾತಿನ ನಡುವೆ ಇನ್ನೊಂದು ನೆನಪು. ಎನ್‌ಬಿಎಯಲ್ಲಿ ವರ್ಷವಲ್ಲ, ಹತ್ತೇ ದಿನದ ಕರಾರೂ ಇದೆ. 2015ರ ಏಪ್ರಿಲ್‌ನಲ್ಲಿ ಏಳು ಅಡಿ ಐದು ಇಂಚಿನ ಸಿಮ್ ಭುಲ್ಲರ್‌ಗೆ ಸ್ಯಾಕ್ರಮೆಂಟೊ ಕಿಂಗ್ಸ್ ಕೊಟ್ಟದ್ದು ಅಂಥದ್ದು. ಮೊದಲ ಪಂದ್ಯದಲ್ಲಿ ಆತನಿಗೆ ಸಿಕ್ಕಿದ್ದು ಕೊನೆಯ ಹದಿನಾರು ಸೆಕೆಂಡು. ಭಾರತೀಯ ಮೂಲದ ಆಟಗಾರನೊಬ್ಬ ಎನ್‌ಬಿಎ ಅಂಗಳಕ್ಕಿಳಿದದ್ದು ಅದೇ ಮೊದಲು. ಹತ್ತು ದಿನದ ಕರಾರು ಇಲ್ಲದಿದ್ದರೆ ಆ ಬಾಗಿಲು ತೆರೆಯುತ್ತಿತ್ತೆಂದು ನನಗನಿಸುವುದಿಲ್ಲ.

ಕೊನೆಗೆ ಮಲಿಕ್ ಮಂಕ್. ಆತನ ವಿಷಯದಲ್ಲಿ ಲೇಕರ್ಸ್ ಕೈ ಕಟ್ಟಿಹಾಕಿದ್ದು ನಿಯಮ. ಒಬ್ಬ ಆಟಗಾರ ಮೂರು ವರ್ಷ ತಂಡದಲ್ಲಿದ್ದರೆ, ವೇತನ ಮಿತಿ ಮೀರಿಯೂ ಆತನಿಗೆ ದೊಡ್ಡ ಸಂಬಳ ಕೊಡಲು ತಂಡಕ್ಕೆ 'ಬರ್ಡ್ ಹಕ್ಕು' ಇರುತ್ತದೆ. ಎರಡು ವರ್ಷವಿದ್ದರೆ ಅದರ ಸ್ವಲ್ಪ ಭಾಗ. ಒಂದೇ ವರ್ಷವಿದ್ದರೆ ಹಿಂದಿನ ಸಂಬಳಕ್ಕೆ ಶೇಕಡಾ 20ರಷ್ಟು ಸೇರಿಸಬಹುದು, ಅಷ್ಟೇ. 53 ಲಕ್ಷಕ್ಕೆ ಬಂದ ಕಸಿನ್ಸ್‌ಗೆ ವಾರಿಯರ್ಸ್ ಆ ದಾರಿಯಲ್ಲಿ ಸುಮಾರು 64 ಲಕ್ಷಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಮಂಕ್ ಬಂದದ್ದು ಕನಿಷ್ಠ ವೇತನಕ್ಕೆ, ಆಡಿದ್ದು ಪಂದ್ಯಕ್ಕೆ 13.8 ಅಂಕದ ಆಟ. ಶೇಕಡಾ 20 ಸೇರಿಸಿದರೆ ಅವನಿಗೆ ಏನೂ ಅಲ್ಲ. ಬೇರೆ ರಿಯಾಯಿತಿ ಬಳಸಿದರೂ ಲೇಕರ್ಸ್ ತಲುಪಬಹುದಾಗಿದ್ದದ್ದು ಮೊದಲ ವರ್ಷಕ್ಕೆ ಸುಮಾರು 65 ಲಕ್ಷ. ಕಿಂಗ್ಸ್ ಎರಡು ವರ್ಷಕ್ಕೆ ಸುಮಾರು 1.9 ಕೋಟಿ ಮುಂದಿಟ್ಟಿತು, ಆತ ಹೋದ. ಒಂದು ವರ್ಷದ ಕರಾರಿನಲ್ಲಿ ನನಗೆ ನಿಜಕ್ಕೂ ನೋವು ಕೊಡುವುದು ಇದೇ. ಆಟಗಾರ ಸೋತರೆ ತಂಡಕ್ಕೆ ನಷ್ಟವಿಲ್ಲ, ಗೆದ್ದರೆ ಆತನನ್ನು ಹಿಡಿದಿಡುವ ದಾರಿಯಿಲ್ಲ. ಎರಡು ವರ್ಷ ಕಳೆದು 2024ರಲ್ಲಿ ಕಿಂಗ್ಸ್ ಕೈಯಲ್ಲಿ ಆ ಭಾಗಶಃ ಹಕ್ಕು ಇತ್ತು. ಅದನ್ನು ಪೂರ್ತಿ ಬಳಸಿ ನಾಲ್ಕು ವರ್ಷಕ್ಕೆ ಸುಮಾರು 7.8 ಕೋಟಿ ಡಾಲರ್ ಕೊಟ್ಟರು, ಮಂಕ್ ಅಲ್ಲೇ ಉಳಿದ.

— ಸಂಪಾದಕ