ದೂರದ ದ್ವೀಪದ ನೀರಿನಲ್ಲಿ ಬೇರೆಯದೇ ಸೂಕ್ಷ್ಮಜೀವಿಗಳಿವೆಯೇ?

ಪ್ರಶ್ನೆ: ಗಾಳಿ, ಅಲೆ ಮತ್ತು ಹಕ್ಕಿಗಳು ಸೂಕ್ಷ್ಮಜೀವಿಗಳನ್ನು ಎಲ್ಲಿಂದ ಎಲ್ಲಿಗೋ ಹೊತ್ತೊಯ್ಯುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ಗಲಾಪಗೋಸ್‌ನ ದೈತ್ಯ ಆಮೆಗಳಂತೆ ಒಂದು ದ್ವೀಪದ ಕೆರೆಗೋ ಬುಗ್ಗೆಗೋ ಮಾತ್ರ ಸೀಮಿತವಾದ ಸೂಕ್ಷ್ಮಜೀವಿಗಳು ಇರಲು ಸಾಧ್ಯವೇ?

ಉತ್ತರ: ಸಾಧ್ಯವಿದೆ, ಆದರೆ ಆಮೆಯಷ್ಟು ನೇರವಾಗಿ ಕಣ್ಣಿಗೆ ಬೀಳುವ ರೀತಿಯಲ್ಲಿ ಅಲ್ಲ. ನಿಮ್ಮ ಸಂದೇಹದ ಹಿಂದಿರುವ ವಾದವನ್ನು ಡಚ್ ವಿಜ್ಞಾನಿ ಬಾಸ್ ಬೆಕಿಂಗ್ 1934ರಲ್ಲಿಯೇ ಮಂಡಿಸಿದ್ದರು: ಎಲ್ಲವೂ ಎಲ್ಲೆಡೆ ಇರುತ್ತದೆ, ಆದರೆ ಪರಿಸರವು ತನಗೆ ಹೊಂದುವುದನ್ನು ಆಯ್ದುಕೊಳ್ಳುತ್ತದೆ. ಈ ಮಾತಿನ ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ತೂಕವಿರುವುದು ಎರಡನೆಯದಕ್ಕೆ.

ಆಯ್ಕೆ ಎಷ್ಟು ಕಠಿಣವಾಗಿರಬಲ್ಲದು ಎಂಬುದಕ್ಕೆ ಪೆಸಿಫಿಕ್ ಸಾಗರದ ಪಲಾವು ದೇಶದ ಜೆಲ್ಲಿಮೀನು ಕೆರೆ ಒಳ್ಳೆಯ ನಿದರ್ಶನ. ಸುಣ್ಣಕಲ್ಲಿನ ಬಿರುಕುಗಳ ಮೂಲಕ ಸಮುದ್ರದೊಂದಿಗೆ ಸಂಪರ್ಕವಿರುವ ಈ ಕೆರೆಯಲ್ಲಿ ಮೇಲಿನ ನೀರು ಕೆಳಗಿನದರೊಡನೆ ಬೆರೆಯುವುದಿಲ್ಲ. ಸುಮಾರು 15 ಮೀಟರ್ ಆಳದಿಂದ ಕೆಳಗೆ ಆಮ್ಲಜನಕವೇ ಇಲ್ಲ, ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್ ತುಂಬಿಕೊಂಡಿದೆ. ಎರಡು ಪದರಗಳು ಸೇರುವ ಗಡಿಯಲ್ಲಿ, ಮೇಲಿನಿಂದ ಇಳಿಯುವ ಮಂದ ಬೆಳಕನ್ನೂ ಕೆಳಗಿನಿಂದ ಏರುವ ಸಲ್ಫೈಡನ್ನೂ ಒಟ್ಟಿಗೆ ಬಳಸಿಕೊಳ್ಳುವ ನೇರಳೆ ಗಂಧಕ ಬ್ಯಾಕ್ಟೀರಿಯಾಗಳು ದಟ್ಟವಾಗಿ ನೆಲೆಸಿವೆ. ಕೆಲವೇ ಮೀಟರ್ ಮೇಲಿರುವ ಜೀವಿಗಳಿಗೆ ಅಲ್ಲಿ ಉಸಿರಾಡಲು ಆಗದು. ಅಂದರೆ ಒಂದೇ ಕೆರೆಯೊಳಗಿನ ಅಂತರವು ಎರಡು ದ್ವೀಪಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರಬಹುದು.

ಹಾಗೆಂದು ದೂರಕ್ಕೆ ಬೆಲೆಯೇ ಇಲ್ಲವೆಂದಲ್ಲ. ಆಮ್ಲೀಯವಾದ ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಸಲ್ಫೋಲೋಬಸ್ ಎಂಬ ಸೂಕ್ಷ್ಮಜೀವಿಯನ್ನು ಐಸ್‌ಲ್ಯಾಂಡ್, ರಷ್ಯಾದ ಕಮ್ಚಾಟ್ಕಾ ಮತ್ತು ಅಮೆರಿಕದ ಬುಗ್ಗೆಗಳಿಂದ ಸಂಗ್ರಹಿಸಿ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಬುಗ್ಗೆಗಳ ನಡುವಿನ ಅಂತರ ಹೆಚ್ಚಿದಂತೆ ಈ ಜೀವಿಗಳ ವಂಶವಾಹಿಗಳ ವ್ಯತ್ಯಾಸವೂ ಹೆಚ್ಚಿರುವುದು ಅದರಲ್ಲಿ ಕಂಡುಬಂತು. ಮೈ ಸುಡುವಷ್ಟು ಬಿಸಿಯಾದ ಆಮ್ಲದಲ್ಲಿ ಹಾಯಾಗಿರುವ ಜೀವಿಗೆ ತಣ್ಣನೆಯ ಸಮುದ್ರವೇ ದಾಟಲಾಗದ ಮರುಭೂಮಿ. ಅದಕ್ಕೆ ಪ್ರತಿಯೊಂದು ಬುಗ್ಗೆಯೂ ಒಂದು ದ್ವೀಪ.

ಇಲ್ಲೊಂದು ಸೂಕ್ಷ್ಮವಿದೆ. ಸೂಕ್ಷ್ಮಜೀವಿಗಳನ್ನು ಗುರುತಿಸಲು ಸಾಮಾನ್ಯವಾಗಿ ಓದುವ 16ಎಸ್ ಎಂಬ ವಂಶವಾಹಿಯು ಬಹಳ ನಿಧಾನವಾಗಿ ಬದಲಾಗುತ್ತದೆ. ಅದೊಂದನ್ನೇ ನೋಡಿದರೆ ಖಂಡಗಳಾಚೆಗಿನ ಎರಡು ತಳಿಗಳು ಒಂದೇ ಎನಿಸಬಹುದು. ಬೇರೆ ವಂಶವಾಹಿಗಳನ್ನೂ ಓದಿದಾಗಲೇ ಅವುಗಳ ದಾರಿ ಬೇರೆಯಾದದ್ದು ಬೆಳಕಿಗೆ ಬರುತ್ತದೆ. ಆದ್ದರಿಂದ ಹೋಲಿಕೆಯ ಜಾಲರಿಯ ಕಣ್ಣು ದೊಡ್ಡದಿದ್ದರೆ ಎಲ್ಲವೂ ಎಲ್ಲೆಡೆ ಇದ್ದಂತೆಯೂ, ಸಣ್ಣದಾಗಿದ್ದರೆ ಸ್ಥಳೀಯ ತಳಿಗಳು ತುಂಬಿದಂತೆಯೂ ತೋರುತ್ತದೆ. ಈ ವಿಷಯದ ಹಲವು ವಾಗ್ವಾದಗಳು ಜಾಲರಿಯ ಕಣ್ಣಿನ ಅಳತೆಯ ಕುರಿತಾದವೇ ಆಗಿವೆ.

ದ್ವೀಪದ ಸುತ್ತಲಿನ ಸಮುದ್ರದ ಮಾತು ಸ್ವಲ್ಪ ಬೇರೆ. ಅಲ್ಲಿ ತಳಿಗಳಿಗಿಂತ ಮೊದಲು ಸಂಖ್ಯೆಯೇ ಎದ್ದು ಕಾಣುತ್ತದೆ. ಮಧ್ಯ ಪೆಸಿಫಿಕ್‌ನ ಲೈನ್ ದ್ವೀಪಗಳಲ್ಲಿ 2005ರಲ್ಲಿ ನಡೆದ ಯಾನವೊಂದರಲ್ಲಿ, ಜನವಸತಿಯೇ ಇಲ್ಲದ ಕಿಂಗ್‌ಮನ್ ಹವಳದಿಬ್ಬದ ನೀರಿಗಿಂತ ಜನವಸತಿಯಿರುವ ಕಿರಿಟಿಮಾಟಿಯ ನೀರಿನಲ್ಲಿ ಸೂಕ್ಷ್ಮಜೀವಿಗಳು ಸುಮಾರು ಹತ್ತು ಪಟ್ಟು ಹೆಚ್ಚಿದ್ದವು. ಮೀನುಗಾರಿಕೆಯಿಂದ ಪಾಚಿ ಮೇಯುವ ಮೀನುಗಳು ಕಡಿಮೆಯಾದಾಗ ಪಾಚಿ ಹಬ್ಬುತ್ತದೆ, ಅದು ನೀರಿಗೆ ಬಿಡುವ ಸಕ್ಕರೆಯಂಥ ಇಂಗಾಲದ ಪದಾರ್ಥಗಳನ್ನು ತಿಂದು ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ಹವಳ ಸೊರಗುತ್ತದೆ ಎಂಬುದು ಸಂಶೋಧಕರು ಕೊಟ್ಟ ವಿವರಣೆ. ಆದರೆ ಕಿರಿಟಿಮಾಟಿಯು ಸಮಭಾಜಕ ವೃತ್ತಕ್ಕೆ ಹೆಚ್ಚು ಹತ್ತಿರವಿದ್ದು, ಆಳದಿಂದ ಮೇಲೇರುವ ಪೋಷಕಾಂಶಗಳು ಅದಕ್ಕೆ ಸಹಜವಾಗಿಯೇ ಹೆಚ್ಚು ದೊರೆಯುತ್ತವೆ. ಆ ಹತ್ತು ಪಟ್ಟಿನ ಪೂರ್ತಿ ಹೊಣೆಯನ್ನು ಅಲ್ಲಿನ ಜನರ ಮೇಲೆಯೇ ಹೊರಿಸುವುದು ಸರಿಯಾಗಲಾರದು.